ಕೆಂಡದ ಮೇಲೆ ಪಳಗುವ ಬೀಡು

ಬೀಡಿನ ಕಾವಲಿಯ ಮೈಮೇಲೆ ಮಿರುಗುವ ಕಪ್ಪು ಪದರವನ್ನು ಹಳೆಯ ಎಣ್ಣೆಯ ಜಿಡ್ಡು ಎಂದುಕೊಂಡವರೇ ಹೆಚ್ಚು. ಕಬ್ಬಿಣದಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ, ಕಾಯಿಸಿದಾಗ ಅವು ಬಾಯಿ ತೆರೆದು ಎಣ್ಣೆ ಕುಡಿಯುತ್ತವೆ ಎಂದು ವಿವರಿಸುವವರೂ ಇದ್ದಾರೆ. ಎರಡೂ ಸರಿಯಲ್ಲ. ಎರಕದ ಕಬ್ಬಿಣದ ಮೈ ತರಿತರಿಯಾಗಿರುವುದು ನಿಜ. ಮರಳಿನ ಅಚ್ಚಿನಲ್ಲಿ ಹೊಯ್ದದ್ದರ ಗುರುತು ಅದು. ಆದರೆ ಎಣ್ಣೆ ಹೀರುವ ರಂಧ್ರಗಳೇನೂ ಅದಕ್ಕಿಲ್ಲ. ಎಣ್ಣೆ, ಗಾಳಿ, ಶಾಖ, ಕಬ್ಬಿಣ ನಾಲ್ಕೂ ಕೂಡಿ ಪಾತ್ರೆಯ ಮೇಲೆಯೇ ತಯಾರಾದ ಹೊಸ ವಸ್ತು ಆ ಕಪ್ಪು ಪದರ. ಅದೊಂದು ಪಾಲಿಮರ್, ಅಂದರೆ ಅಣುಗಳು ಒಂದಕ್ಕೊಂದು ಬೆಸೆದುಕೊಂಡು ಆದ ಬಲೆ. ಈ ಒಂದು ಸಂಗತಿ ಮನಸ್ಸಿಗೆ ಇಳಿದರೆ ಪಾತ್ರೆಯನ್ನು ಹೇಗೆ ತೊಳೆಯಬೇಕು, ಯಾವ ಎಣ್ಣೆ ಸವರಬೇಕು, ಸೌದೆ ಬೆಂಕಿಯಲ್ಲಿ ಹೇಗೆ ಪಳಗಿಸಬೇಕು ಎಂಬುದಕ್ಕೆಲ್ಲ ಪಟ್ಟಿ ಕಂಠಪಾಠ ಮಾಡಬೇಕಿಲ್ಲ.

ಬಯಲಿನ ಬೆಂಕಿಗೂ ಬೀಡಿನ ಪಾತ್ರೆಗೂ ನಂಟು ಹಳೆಯದು. ಇಂಗ್ಲೆಂಡಿನ ಏಬ್ರಹಾಂ ಡಾರ್ಬಿ ಮರಳಿನಲ್ಲಿ ಕಬ್ಬಿಣದ ಪಾತ್ರೆ ಎರಕ ಹೊಯ್ಯುವ ವಿಧಾನಕ್ಕೆ 1707ರಲ್ಲಿ ಪೇಟೆಂಟ್ ಪಡೆದ. ಮುಂದೆ ಅಂಥ ಪಾತ್ರೆಗಳು ಅಮೆರಿಕದಲ್ಲಿ ಮೂರು ಕಾಲು ಪಡೆದು, ಕೆಂಡ ಜಾರಿ ಬೀಳದಂತೆ ಅಂಚು ಎತ್ತರಿಸಿದ ಮುಚ್ಚಳ ಪಡೆದು ‘ಡಚ್ ಅವನ್’ ಆದವು. ಕೆಳಗೂ ಕೆಂಡ, ಮೇಲೂ ಕೆಂಡ. ಬಟ್ಟ ಬಯಲಿನಲ್ಲಿ ಬ್ರೆಡ್ ಬೇಯಿಸಬಹುದು. ಟೆಕ್ಸಾಸ್‌ನ ಚಾರ್ಲ್ಸ್ ಗುಡ್‌ನೈಟ್ 1866ರಲ್ಲಿ ದನ ಹೊಡೆದೊಯ್ಯುವ ತಂಡಗಳಿಗಾಗಿ ರೂಪಿಸಿದ ಅಡುಗೆ ಬಂಡಿಗಳಲ್ಲಿ ಈ ಪಾತ್ರೆ ಇರಲೇಬೇಕಿತ್ತು. ಯೂಟಾ ರಾಜ್ಯ 1997ರಲ್ಲಿ ಇದನ್ನು ತನ್ನ ಅಧಿಕೃತ ಅಡುಗೆ ಪಾತ್ರೆ ಎಂದೇ ಘೋಷಿಸಿತು. ದಕ್ಷಿಣ ಆಫ್ರಿಕಾದಲ್ಲಿ ಇದೇ ಬಳಗದ ದುಂಡು ಹೊಟ್ಟೆಯ ಮೂರು ಕಾಲಿನ ಪಾತ್ರೆ ಇವತ್ತಿಗೂ ಸೌದೆ ಬೆಂಕಿಯ ಮೇಲೆ ಕೂರುತ್ತದೆ. ಅಂಟದ ಲೇಪನದ ಟೆಫ್ಲಾನ್ ತವಾಗಳು ಇಂಥಲ್ಲಿ ಕೆಲಸಕ್ಕೆ ಬಾರವು. ಅವುಗಳ ಸುರಕ್ಷಿತ ಮಿತಿ ಸುಮಾರು 260 ಡಿಗ್ರಿ ಸೆಲ್ಸಿಯಸ್. ಹೊಳೆಯುವ ಕೆಂಡ 600 ಡಿಗ್ರಿಯನ್ನೂ ದಾಟಿರುತ್ತದೆ. ಬೀಡಿನ ಲೇಪನ ಕೂಡ ಆ ಬಿಸಿಗೆ ಸುಟ್ಟುಹೋಗುತ್ತದೆ, ಆದರೆ ಅದನ್ನು ಕೆಂಡದ ಪಕ್ಕದಲ್ಲೇ ಕೂತು ಮತ್ತೆ ಮಾಡಿಕೊಳ್ಳಬಹುದು. ನನ್ನ ಮಟ್ಟಿಗೆ ಬೀಡಿನ ದೊಡ್ಡಸ್ತಿಕೆ ಇದೇ: ಬಳಸುವವರ ಕೈಯಲ್ಲೇ ರಿಪೇರಿಯಾಗುವ ಪಾತ್ರೆ ಅದು.

ಬೀಡಿನಲ್ಲಿ ಶೇಕಡಾ 2ರಿಂದ 4ರಷ್ಟು ಇಂಗಾಲ, ಜೊತೆಗೆ ಒಂದಷ್ಟು ಸಿಲಿಕಾನ್ ಇರುತ್ತದೆ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಬೇಕಾದರೆ ಬೀಡು 1200 ಡಿಗ್ರಿಯ ಆಸುಪಾಸಿನಲ್ಲೇ ನೀರಾಗುವುದು ಈ ಇಂಗಾಲದಿಂದ. ತಣಿಯುವಾಗ ಹೆಚ್ಚಿನ ಇಂಗಾಲ ಗ್ರಾಫೈಟ್ ಚಕ್ಕೆಗಳಾಗಿ ಲೋಹದ ಒಳಗೆಲ್ಲ ಹರಡಿಕೊಳ್ಳುತ್ತದೆ. ಬೀಡು ಬಾಗದೆ ಬಿರಿಯುವುದು ಈ ಚಕ್ಕೆಗಳ ದೆಸೆಯಿಂದ; ಬಿರುಕು ಅವುಗಳ ಅಂಚಿನಿಂದಲೇ ಹೊರಡುತ್ತದೆ. ಶಾಖ ಸಾಗಿಸುವುದರಲ್ಲಿ ಬೀಡು ಅಲ್ಯೂಮಿನಿಯಮ್ಮಿನ ಸುಮಾರು ಕಾಲುಭಾಗಕ್ಕೆ ನಿಲ್ಲುತ್ತದೆ. ಹಾಗಾಗಿ ಉರಿ ತಾಗುವ ಜಾಗ ಕೆಂಪೇರಿದ್ದರೂ ಒಂದು ಗೇಣು ಆಚೆ ಇನ್ನೂ ಬೆಚ್ಚಗಷ್ಟೇ ಇರಬಹುದು. ಕಾದ ಭಾಗ ಹಿಗ್ಗುತ್ತದೆ, ಪಕ್ಕದ್ದು ಹಿಗ್ಗುವುದಿಲ್ಲ. ಆ ಎಳೆದಾಟದಲ್ಲಿ ಪಾತ್ರೆ ಸೀಳುತ್ತದೆ. ಕಾದ ಬಾಣಲೆಗೆ ತಣ್ಣೀರು ಸುರಿದಾಗ ‘ಟಣ್’ ಎಂದು ಒಡೆಯುವುದೂ ಇದರಿಂದಲೇ. ಬೀಡನ್ನು ನಿಧಾನ ಕಾಯಿಸಿ, ನಿಧಾನ ತಣಿಸಬೇಕು.

ಈಗ ಕಪ್ಪು ಪದರಕ್ಕೆ ಬರೋಣ. ಅಡುಗೆ ಎಣ್ಣೆಯ ಪ್ರತಿ ಅಣುವಿನಲ್ಲಿ ಗ್ಲಿಸರಾಲ್‌ಗೆ ಅಂಟಿಕೊಂಡ ಮೂರು ಉದ್ದನೆಯ ಮೇದಾಮ್ಲ ಸರಪಣಿಗಳಿರುತ್ತವೆ. ಕೆಲವು ಸರಪಣಿಗಳಲ್ಲಿ ಇಂಗಾಲದ ಪರಮಾಣುಗಳ ನಡುವೆ ಅಲ್ಲಲ್ಲಿ ಜೋಡಿಬಂಧಗಳುಂಟು. ಜೋಡಿಬಂಧದ ಪಕ್ಕದಲ್ಲಿರುವ ಹೈಡ್ರೋಜನ್ ಸಡಿಲ. ಶಾಖ ತಗುಲಿದಾಗ ಅದು ಸುಲಭವಾಗಿ ಕಳಚುತ್ತದೆ. ಖಾಲಿಯಾದ ಆ ಜಾಗಕ್ಕೆ ಗಾಳಿಯ ಆಮ್ಲಜನಕ ಬಂದು ಕೂತು ಪೆರಾಕ್ಸೈಡ್ ಆಗುತ್ತದೆ. ಪೆರಾಕ್ಸೈಡ್ ಬಹಳ ಹೊತ್ತು ಸುಮ್ಮನಿರುವ ಜಾತಿಯದಲ್ಲ. ಅದು ಒಡೆದು ಪಕ್ಕದ ಅಣುವಿನ ಹೈಡ್ರೋಜನ್ನನ್ನು ಕಿತ್ತುಕೊಳ್ಳುತ್ತದೆ, ಅಲ್ಲಿಂದ ಇನ್ನೊಂದಕ್ಕೆ ಹರಡುತ್ತದೆ. ಹೀಗೆ ಸಿಡಿಮಿಡಿಗೊಂಡ ಅಣುಗಳು ಒಂದಕ್ಕೊಂದು ಬೆಸೆದುಕೊಂಡಾಗ, ಬಿಡಿ ಬಿಡಿ ದಾರಗಳು ಗಂಟು ಬಿದ್ದು ಬಲೆಯಾದಂತೆ, ಹರಿಯುತ್ತಿದ್ದ ಎಣ್ಣೆ ಗಟ್ಟಿ ಪೊರೆಯಾಗುತ್ತದೆ. ಕಬ್ಬಿಣದ ಅಯಾನುಗಳು ಪೆರಾಕ್ಸೈಡ್ ಒಡೆಯುವುದನ್ನು ಚುರುಕುಗೊಳಿಸುತ್ತವೆ. ಅಂದರೆ ಪಾತ್ರೆ ತನ್ನ ಹೊದಿಕೆಯನ್ನು ನೇಯಲು ತಾನೇ ಕೈಜೋಡಿಸುತ್ತದೆ. ಇದರ ಜೊತೆಗೆ ಸುಟ್ಟ ಎಣ್ಣೆಯ ಒಂದಷ್ಟು ಇಂಗಾಲವೂ, ಬಿಸಿಗೆ ಹುಟ್ಟಿದ ಕಪ್ಪು ಕಬ್ಬಿಣದ ಆಕ್ಸೈಡೂ ಸೇರಿ ಆ ಬಣ್ಣ ಬರುತ್ತದೆ. ತೈಲವರ್ಣದ ಚಿತ್ರ ಒಣಗುವಾಗ ನಡೆಯುವುದೂ ಇದೇ ರಸಾಯನಕ್ರಿಯೆ. ಅಲ್ಲಿ ದಿನಗಟ್ಟಲೆ, ವಾರಗಟ್ಟಲೆ ಹಿಡಿಯುವುದು ಇಲ್ಲಿ ಶಾಖದಿಂದಾಗಿ ಗಂಟೆಯೊಳಗೆ ಮುಗಿಯುತ್ತದೆ.

ಈ ಕ್ರಿಯೆಗೆ ಆಮ್ಲಜನಕ ಬೇಕು ಎಂಬುದನ್ನು ಮರೆಯಬಾರದು. ಎಣ್ಣೆ ದಪ್ಪಗೆ ನಿಂತರೆ ಮೇಲ್ಪದರ ಮಾತ್ರ ಗಟ್ಟಿಯಾಗಿ, ಕೆಳಗಿನದಕ್ಕೆ ಗಾಳಿ ತಲುಪದೆ, ಅಂಟಂಟಾಗಿ ಉಳಿಯುತ್ತದೆ. ಪಳಗಿಸಿದ ಪಾತ್ರೆ ಕೈಗೆ ಅಂಟುತ್ತಿದ್ದರೆ ಎಣ್ಣೆ ಹೆಚ್ಚಾಗಿದೆ ಎಂದೇ ಅರ್ಥ. ಸವರಿದ ಮೇಲೆ ಒಣಬಟ್ಟೆಯಿಂದ ಒರೆಸಿ, ಇನ್ನೇನೂ ಉಳಿದಿಲ್ಲ ಅನ್ನಿಸುವಷ್ಟು ತೆಳುವಾಗಬೇಕು. ಉಳಿದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ತೆಳುವಾಗಿ ನಾಲ್ಕು ಸಲ ಸವರಿದ್ದು ದಪ್ಪಗೆ ಒಂದು ಸಲ ಬಳಿದದ್ದಕ್ಕಿಂತ ಎಷ್ಟೋ ಗಟ್ಟಿ.

ಯಾವ ಎಣ್ಣೆ? ಜೋಡಿಬಂಧ ಹೆಚ್ಚಿದ್ದಷ್ಟೂ ಬಲೆ ಬೇಗ ಕೂಡುತ್ತದೆ. ಅದನ್ನು ಅಳೆಯಲು ರಸಾಯನಶಾಸ್ತ್ರದಲ್ಲಿ ಅಯೋಡಿನ್ ಸಂಖ್ಯೆ ಎಂಬ ಅಳತೆಯಿದೆ: 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹೀರುತ್ತದೆ ಎಂಬ ಲೆಕ್ಕ. ಅಗಸೆ ಎಣ್ಣೆಗೆ ಇದು 170ರ ಮೇಲಿದೆ. ಕುಸುಬೆಗೆ ಸುಮಾರು 140, ಸೂರ್ಯಕಾಂತಿ, ಸೋಯಾ, ಹುಚ್ಚೆಳ್ಳು 130ರ ಆಸುಪಾಸು, ಕಡಲೆಕಾಯಿ ಎಣ್ಣೆಗೆ 95ರ ಸುಮಾರು. ಕೊಬ್ಬರಿ ಎಣ್ಣೆಗೆ 10ನ್ನೂ ದಾಟುವುದು ಅಪರೂಪ. ಕರಾವಳಿಯ ಮನೆಗಳಲ್ಲಿ ಕೊಬ್ಬರಿ ಎಣ್ಣೆಯಲ್ಲೇ ನೀರುದೋಸೆ ಹೊಯ್ದು ಕನ್ನಡಿಯಂತಾದ ಕಾವಲಿಗಳಿವೆಯಲ್ಲ ಎಂದು ಕೇಳಬಹುದು. ಇವೆ, ದಿನವೂ ಕಾದು ದಿನವೂ ಎಣ್ಣೆ ಕಂಡ ಪಾತ್ರೆ ನಿಧಾನವಾಗಿ ಪಳಗಿಯೇ ಪಳಗುತ್ತದೆ. ಆದರೆ ಹೊಸ ಪಾತ್ರೆಯನ್ನು ಒಂದು ಸಂಜೆಯಲ್ಲಿ ಸಿದ್ಧ ಮಾಡಬೇಕಾದರೆ ಕೊಬ್ಬರಿ ಎಣ್ಣೆ ಸಹಾಯಕ್ಕೆ ಬಾರದು. ಹಾಗೆಂದು ಅಗಸೆಗೆ ಮುಗಿಬೀಳುವುದೂ ಬೇಡ. ಅದರ ಪೊರೆ ಗಾಜಿನಷ್ಟು ನುಣುಪಾಗಿದ್ದರೂ ಬಿರುಸು. ಪಾತ್ರೆ ಹಿಗ್ಗಿ ಕುಗ್ಗುವಾಗ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಅಮೆರಿಕದ ಟೆನೆಸಿಯಲ್ಲಿ 1896ರಿಂದ ಬೀಡಿನ ಪಾತ್ರೆ ಎರಕ ಹೊಯ್ಯುತ್ತಿರುವ ಲಾಜ್ ಕಂಪನಿ 2002ರಿಂದ ಕಾರ್ಖಾನೆಯಲ್ಲೇ ಪಳಗಿಸಿದ ಪಾತ್ರೆ ಮಾರಲು ತೊಡಗಿತು. ಅವರು ಆರಿಸಿಕೊಂಡದ್ದು ಸೋಯಾ ಎಣ್ಣೆ. ನಮ್ಮಲ್ಲಿ ಸೂರ್ಯಕಾಂತಿ ಎಲ್ಲೆಡೆ ಸಿಗುತ್ತದೆ. ಉತ್ತರ ಕರ್ನಾಟಕದವರ ಅಡುಗೆಮನೆಯ ಕುಸುಬೆ ಎಣ್ಣೆ ಇನ್ನೂ ಒಳ್ಳೆಯದು.

ಬೆಂಕಿಯ ಬಳಿ ಥರ್ಮಾಮೀಟರ್ ಇರುವುದಿಲ್ಲ. ಬೇಕಾದದ್ದು ಸುಮಾರು 200ರಿಂದ 260 ಡಿಗ್ರಿ. ದೋಸೆ ಹೊಯ್ಯುವವರು ಕಾವಲಿಗೆ ನೀರು ಚಿಮುಕಿಸಿ ನೋಡುತ್ತಾರಲ್ಲ, ಅದೇ ಇಲ್ಲಿಯ ಥರ್ಮಾಮೀಟರ್. ಬಿಸಿ ಸಾಲದಿದ್ದರೆ ಹನಿ ಹರಡಿ ಕೊತಕೊತ ಕುದಿಯುತ್ತದೆ. ಇನ್ನಷ್ಟು ಕಾದರೆ ಚುಯ್ ಎಂದು ಕ್ಷಣದಲ್ಲಿ ಮಾಯ. 200 ಡಿಗ್ರಿಯ ಸುತ್ತಮುತ್ತ ಮಾತ್ರ ಹನಿ ಉಂಡೆಯಾಗಿ, ತನ್ನದೇ ಆವಿಯ ಮೆತ್ತೆಯ ಮೇಲೆ ಉರುಳಾಡುತ್ತದೆ. ಆವಿ ಶಾಖವನ್ನು ತಡೆಯುವುದರಿಂದ ಹೆಚ್ಚು ಬಿಸಿಯಲ್ಲಿ ಹೆಚ್ಚು ಹೊತ್ತು ಬಾಳುತ್ತದೆ. ಜರ್ಮನಿಯ ವೈದ್ಯ ಯೋಹಾನ್ ಗಾಟ್‌ಲೋಬ್ ಲೈಡನ್‌ಫ್ರಾಸ್ಟ್ ಇದನ್ನು 1756ರಲ್ಲಿ ವಿವರಿಸಿದ. ಅವನು ಬಳಸಿದ್ದು ಕೆಂಡದ ಮೇಲೆ ಕಾಯಿಸಿದ ಕಬ್ಬಿಣದ ಚಮಚ! ಇನ್ನೊಂದು ಸೂಚನೆ ಹೊಗೆ. ಸವರಿದ ಎಣ್ಣೆ ತೆಳ್ಳಗೆ ಹೊಗೆಯಾಡಲು ತೊಡಗಿದರೆ ಬಿಸಿ ಸರಿಯಾಗಿದೆ. ಆ ಹೊಗೆಯಲ್ಲಿ ಕಣ್ಣು ಉರಿಸುವ ಅಕ್ರೋಲಿನ್ ಇರುತ್ತದೆ. ಮುಚ್ಚಿದ ಅಡುಗೆಮನೆಗಿಂತ ಬಯಲು ಈ ಕೆಲಸಕ್ಕೆ ನಿಜಕ್ಕೂ ಮೇಲು.

ಪಳಗಿಸಲು ಬೇಕಾದದ್ದು ಕೆಂಡ, ಉರಿಯಲ್ಲ. ಜ್ವಾಲೆ ಇಳಿದ ಮೇಲೆ ಕೆಂಡವನ್ನು ಅಗಲಕ್ಕೆ ಹರಡಿ, ಎರಡು ಕಲ್ಲುಗಳ ಮೇಲೆ ಪಾತ್ರೆಯನ್ನು ಬೋರಲು ಹಾಕಬೇಕು. ಹೆಚ್ಚಿನ ಎಣ್ಣೆ ಇದ್ದರೆ ಇಳಿದುಹೋಗುತ್ತದೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿಟ್ಟು, ತಾನಾಗಿ ಆರಿದ ಮೇಲೆ ಮತ್ತೊಂದು ತೆಳು ಪದರ. ಬೆಂಕಿ ಹೇಗೂ ಉರಿಯುತ್ತಿದೆ, ಪಾತ್ರೆಯನ್ನು ಅದರೊಳಗೇ ಎಸೆದರೆ ಹಳೆಯ ಕೊಳೆಯೆಲ್ಲ ಸುಟ್ಟುಹೋಗುತ್ತದೆ ಎಂಬ ಆಸೆ ಹಲವರಿಗೆ ಬರುತ್ತದೆ. ಸುಟ್ಟುಹೋಗುವುದು ನಿಜ. ಆದರೆ ಪಾತ್ರೆ ಕೆಂಪಗೆ ಕಾದಾಗ ಲೋಹದ ಒಳರಚನೆಯೇ ಬದಲಾಗತೊಡಗುತ್ತದೆ. ಅದು ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ಮೈಮೇಲೆ ಕೆಂಪು ಪೊರೆ ಮೂಡಿದರೆ ಆಮೇಲೆ ಯಾವ ಎಣ್ಣೆಯೂ ನಿಲ್ಲುವುದಿಲ್ಲ. ತಲೆಮಾರುಗಳಿಂದ ಬಂದ ಪಾತ್ರೆಯನ್ನು ಹೀಗೆ ಒಂದೇ ರಾತ್ರಿಯಲ್ಲಿ ಕಳೆದುಕೊಳ್ಳುವುದು ನೋವಿನ ಸಂಗತಿ.

ಊಟವಾದ ಮೇಲೆ ತೊಳೆಯುವ ಕೆಲಸ. ಪಾತ್ರೆ ಇನ್ನೂ ಬೆಚ್ಚಗಿರುವಾಗಲೇ ಮಾಡಿದರೆ ಅರ್ಧ ಶ್ರಮ ಉಳಿಯುತ್ತದೆ. ತಳ ಹಿಡಿದಿದ್ದರೆ ಒಂದು ಲೋಟ ಬಿಸಿನೀರು ಹಾಕಿ ಕೆಂಡದ ಮೇಲೆ ಕುದಿಸಿ, ಮರದ ಸಟ್ಟುಗದಿಂದ ಕೆರೆದರೆ ಸೀಕಲು ಎದ್ದುಬರುತ್ತದೆ: ಸುಟ್ಟ ಅನ್ನದ ಪಿಷ್ಟ ನೀರು ಕುಡಿದು ಉಬ್ಬುತ್ತದೆ, ಪಾಲಿಮರ್ ಪದರ ಉಬ್ಬುವುದಿಲ್ಲ. ನೀರು ಕಡಿಮೆಯಿದ್ದಲ್ಲಿ ಕಲ್ಲುಪ್ಪು ಒಳ್ಳೆಯದು. ಉಪ್ಪಿನ ಹರಳು ಅಂಟಿದ ಆಹಾರವನ್ನು ಕೆರೆಯುವಷ್ಟು ಗಡಸು, ಕಬ್ಬಿಣವನ್ನು ಗೀರುವಷ್ಟು ಅಲ್ಲ. ಉಪ್ಪು ಉಳಿದರೆ ತುಕ್ಕಿಗೆ ದಾರಿ, ಪೂರ್ತಿ ಒರೆಸಿಬಿಡಬೇಕು.

ಬೆಂಕಿಯ ಪಕ್ಕದಲ್ಲಿ ಕೈಗೆ ಮೊದಲು ಸಿಗುವುದು ಬೂದಿ. ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳನ್ನು ಬೂದಿ, ತೆಂಗಿನ ನಾರಿನಿಂದ ತಿಕ್ಕಿದ ಕೈಗಳಿಗೆ ಬೀಡನ್ನೂ ಹಾಗೇ ತಿಕ್ಕಬೇಕು ಅನ್ನಿಸುವುದು ಸಹಜ. ಇಲ್ಲಿ ಸ್ವಲ್ಪ ತಡೆಯಬೇಕು. ಸೌದೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇದೆ; ಒದ್ದೆಯಾದರೆ ಬಲವಾದ ಕ್ಷಾರ. ಕ್ಷಾರ ಜಿಡ್ಡನ್ನು ಸಾಬೂನಾಗಿ ಬದಲಿಸುತ್ತದೆ, ಅದಕ್ಕೇ ಬೂದಿ ಅಷ್ಟು ಚೆನ್ನಾಗಿ ತೊಳೆಯುವುದು. ಪಳಗಿದ ಪದರ ಕೂಡ ಮೂಲದಲ್ಲಿ ಎಣ್ಣೆಯೇ ಆದ್ದರಿಂದ ಅದರಲ್ಲಿ ಗ್ಲಿಸರಾಲ್‌ಗೆ ಮೇದಾಮ್ಲವನ್ನು ಅಂಟಿಸಿರುವ ಎಸ್ಟರ್ ಬಂಧಗಳನ್ನೂ ಕ್ಷಾರ ಕತ್ತರಿಸುತ್ತದೆ. ಹೊರಮೈಯ ಮಸಿಗೆ ಬೂದಿ ಆಗಬಹುದು, ಒಳಮೈಗೆ ಬೇಡ. ಬೀಡಿಗೆ ಸೋಪು ತಾಗಿಸಲೇಬಾರದು ಎಂಬ ಹಳೆಯ ಎಚ್ಚರಿಕೆಗೂ ಕಾರಣ ಇದೇ: ಮನೆಯಲ್ಲಿ ಕಾಯಿಸುತ್ತಿದ್ದ ಹಿಂದಿನ ಸಾಬೂನುಗಳಲ್ಲಿ ಕ್ಷಾರ ಉಳಿದಿರುತ್ತಿತ್ತು. ಇಂದಿನ ಪಾತ್ರೆ ತೊಳೆಯುವ ಸೌಮ್ಯ ದ್ರವ ಬಿಡಿ ಎಣ್ಣೆಯನ್ನಷ್ಟೇ ಎತ್ತುತ್ತದೆ, ಬಲೆಯಾದದ್ದನ್ನು ಬಿಡಿಸಲಾರದು. ಎರಡು ಹನಿ ಬಳಸಿದರೆ ಏನೂ ಆಗುವುದಿಲ್ಲ. ಹಳಸಿದ ಜಿಡ್ಡಿನ ವಾಸನೆ ಹೊತ್ತ ಪಾತ್ರೆಗಿಂತ ಅದು ಎಷ್ಟೋ ವಾಸಿ. ತೊಳೆದ ನೀರನ್ನು ಮಾತ್ರ ಹಳ್ಳಕ್ಕೆ ಬಿಡಬೇಡಿ. ನೀರಿನಿಂದ ಇನ್ನೂರು ಅಡಿಯಾದರೂ ದೂರ ಹೋಗಿ ಮಣ್ಣಿಗೆ ಚೆಲ್ಲಿ.

ಒರೆಸಿಟ್ಟರೆ ಸಾಲದು, ಬೆಂಕಿಯ ಬಳಿ ಹಿಡಿದು ಒಣಗಿಸಬೇಕು. ಬೀಡಿನಲ್ಲಿ ತುಕ್ಕು ಹುಟ್ಟುವುದಕ್ಕೆ ಒಂದು ವಿಶೇಷ ಅನುಕೂಲವಿದೆ. ಗ್ರಾಫೈಟ್ ಚಕ್ಕೆ, ಕಬ್ಬಿಣ, ನಡುವೆ ನೀರಿನ ಹನಿ: ಮೂರೂ ಸೇರಿದರೆ ಸಣ್ಣದೊಂದು ಬ್ಯಾಟರಿಯೇ ಆಗಿ ಕಬ್ಬಿಣ ಬೇಗ ಸವೆಯುತ್ತದೆ. ಇಬ್ಬನಿ ಸುರಿಯುವ ಮಲೆನಾಡಿನ ಒಂದು ರಾತ್ರಿ ಸಾಕು, ಬೆಳಗ್ಗೆ ಕೆಂಪು ಚುಕ್ಕಿಗಳು. ನೀರು ಪೂರ್ತಿ ಆರಿದ ಬೆಚ್ಚನೆಯ ಮೈಗೆ ಒಂದು ತೆಳು ಎಣ್ಣೆ ಒರೆಸಿ, ಮುಚ್ಚಳದ ನಡುವೆ ಕಾಗದ ಇಟ್ಟು ಗಾಳಿಯಾಡುವಂತೆ ಬಿಡಬೇಕು.

ತುಕ್ಕು ಹಿಡಿದ ಪಾತ್ರೆಯನ್ನು ಗುಜರಿಗೆ ಹಾಕಬೇಕಿಲ್ಲ. ಕೆಂಪು ತುಕ್ಕು ನೀರು ಹಿಡಿದಿಟ್ಟುಕೊಳ್ಳುವ ಸಡಿಲ ಪುಡಿ, ಹಾಗಾಗಿ ಕೆಳಗಿನ ಲೋಹವನ್ನೂ ತಿನ್ನುತ್ತ ಹೋಗುತ್ತದೆ. ಉಜ್ಜಿ ತೆಗೆದುಬಿಟ್ಟರೆ ಕೆಳಗೆ ಗಟ್ಟಿ ಕಬ್ಬಿಣ ಇದ್ದೇ ಇರುತ್ತದೆ. ದಕ್ಷಿಣ ಭಾರತದ ಮನೆಗಳಲ್ಲಿ ಹೊಸ ಕಾವಲಿಯನ್ನು ಗಂಜಿಯಲ್ಲೋ ಅಕ್ಕಿ ತೊಳೆದ ನೀರಿನಲ್ಲೋ ಕೆಲವು ದಿನ ನೆನೆಹಾಕುವ ರೂಢಿಯಿದೆ. ಹುಳಿತ ಗಂಜಿಯ ಲ್ಯಾಕ್ಟಿಕ್ ಆಮ್ಲ ತುಕ್ಕನ್ನು ಮೆಲ್ಲಗೆ ಕರಗಿಸುತ್ತದೆ, ಲೋಹವನ್ನು ಅವಸರದಲ್ಲಿ ಕೊರೆಯುವುದಿಲ್ಲ. ಪ್ರಯೋಗಾಲಯ ಕಾಣದವರು ಕಂಡುಕೊಂಡ ಈ ಕ್ರಮದ ಬಗ್ಗೆ ನನಗೆ ತುಂಬು ಗೌರವವಿದೆ.

ಅದೇ ಆಮ್ಲ ಪಳಗಿದ ಪಾತ್ರೆಗೆ ಶತ್ರು. ಹುಣಸೆ, ಟೊಮೆಟೊ, ನಿಂಬೆ ಬಹಳ ಹೊತ್ತು ಕುದಿದರೆ ಪದರದ ಸಂದುಗಳಲ್ಲಿ ನುಸುಳಿ ಕಬ್ಬಿಣವನ್ನು ಕರಗಿಸುತ್ತವೆ. ಸಾರು ಕಪ್ಪಿಟ್ಟು ಲೋಹದ ರುಚಿ ಹಿಡಿಯುತ್ತದೆ. ಹೀಗೆ ಕರಗಿದ ಕಬ್ಬಿಣ ಮೈಗೆ ಸೇರುತ್ತದೆ ಎಂಬುದೂ ಸಾಬೀತಾಗಿದೆ. ಇಥಿಯೋಪಿಯಾದ ಮಕ್ಕಳ ಮೇಲೆ ನಡೆದು 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಬ್ಬಿಣದ ಪಾತ್ರೆಯ ಊಟ ಉಂಡವರ ಹಿಮೋಗ್ಲೋಬಿನ್ ಅಲ್ಯೂಮಿನಿಯಂ ಪಾತ್ರೆಯ ಊಟ ಉಂಡವರಿಗಿಂತ ಚೆನ್ನಾಗಿ ಏರಿತ್ತು. ಆದರೆ ಪದರ ಗಟ್ಟಿಯಾದಷ್ಟೂ ಊಟಕ್ಕೆ ಇಳಿಯುವ ಕಬ್ಬಿಣ ಕಡಿಮೆ. ಒಂದೇ ಪಾತ್ರೆಯಿಂದ ದೋಸೆ ಅಂಟದ ಮೈಯನ್ನೂ ಹುಳಿಗೆ ಇಳಿಯುವ ಕಬ್ಬಿಣವನ್ನೂ ನಿರೀಕ್ಷಿಸಲಾಗದು. ಎರಡೂ ಬೇಕೆನ್ನುವವರು ಎರಡು ಪಾತ್ರೆ ಇಟ್ಟುಕೊಳ್ಳುವುದು ಮೇಲು: ಒಂದು ಎಣ್ಣೆ ಕಂಡು ಪಳಗಲಿ, ಇನ್ನೊಂದು ಹುಳಿ ಕುದಿಸಲಿಕ್ಕಿರಲಿ. ಹುಳಿ ಬೆಂದ ಕೂಡಲೇ ಬೇರೆ ಪಾತ್ರೆಗೆ ಬಗ್ಗಿಸಿ, ಬಾಣಲೆಯನ್ನು ತೊಳೆದು, ಕೆಂಡದ ಮೇಲೆ ಒಣಗಿಸಿ ಇಟ್ಟರಾಯಿತು.