ಕನ್ನಡ ನಾಡಿನಲ್ಲಿಲ್ಲದ ಸಿಂಹ, ಕನ್ನಡ ನುಡಿಯ ಸಿಂಗ

ಪ್ರಾಣಿಯೊಂದು ಒಂದು ಭೂಖಂಡದಲ್ಲಿ ಸಹಜವಾಗಿ ಇಲ್ಲದಿರುವುದಕ್ಕೆ ಅಲ್ಲಿನ ನೆಲ ಒಗ್ಗದಿರುವುದೊಂದೇ ಕಾರಣವಲ್ಲ. ಅದು ಬೇರೆಡೆ ವಿಕಾಸಗೊಂಡು, ಬರುವ ದಾರಿಯನ್ನು ಕಡಲು, ಮರುಭೂಮಿಗಳು ತಡೆದಿರುವುದುಂಟು. 1859ರಲ್ಲಿ ಆಸ್ಟ್ರೇಲಿಯಕ್ಕೆ ಒಯ್ದುಬಿಟ್ಟ ಯುರೋಪಿನ ಮೊಲಗಳು ಅಲ್ಲಿ ಮಿತಿಮೀರಿ ಹಬ್ಬಿದುದು ಇದಕ್ಕೆ ನಿದರ್ಶನ. ಏಷ್ಯಾದ ಹುಲಿ ಆಫ್ರಿಕವನ್ನು ಮುಟ್ಟಲಿಲ್ಲ. ಆಫ್ರಿಕ ಮೂಲದ ಸಿಂಹವು ಪಶ್ಚಿಮ ಏಷ್ಯಾದ ಮೂಲಕ ಭಾರತಕ್ಕೆ ಬಂದರೂ, ಇತಿಹಾಸ ಕಾಲದಲ್ಲಿ ನರ್ಮದೆಯ ದಕ್ಷಿಣಕ್ಕೆ ನೆಲೆಸಿದ್ದಕ್ಕೆ ಖಚಿತ ಆಧಾರಗಳಿಲ್ಲ. ಮರೋಳ, ಹುನಗುಂದ ಸೀಮೆಯ ಕುರುಚಲು ಬಯಲು ಅದಕ್ಕೆ ಒಗ್ಗಬಹುದಾಗಿದ್ದ ನೆಲವೇ ಆಗಿತ್ತು ಎಂಬುದು ಗಮನಾರ್ಹ.

ಈ ಅಭಾವಕ್ಕೆ ಭಾಷೆಯೂ ಸಾಕ್ಷಿಯಾಗಿದೆ. ಹುಲಿ, ಆನೆ, ಕರಡಿ ಎಂಬವು ದ್ರಾವಿಡ ಮೂಲದ ಪದಗಳು. ಸಿಂಹ, ಕೇಸರಿ ತತ್ಸಮಗಳು, ಸಿಂಗ ತದ್ಭವ. ಆದರೂ 578ರ ಶಾಸನವುಳ್ಳ ಬಾದಾಮಿಯ ಮೂರನೆಯ ಗುಹೆಯಲ್ಲಿ ನರಸಿಂಹನ ಭವ್ಯ ಮೂರ್ತಿಯಿದೆ. ಶಿಲ್ಪಿಗೆ ಸಿಂಹವು ಕಾಡಿನಿಂದಲ್ಲ, ಪುರಾಣ ಮತ್ತು ಶಿಲ್ಪ ಪರಂಪರೆಗಳಿಂದ ದೊರೆತಿರಬೇಕು. ಆದಕಾರಣ ಹಳಗನ್ನಡ ಕಾವ್ಯಗಳ ವನವರ್ಣನೆಯಲ್ಲಿ ಬರುವ ಸಿಂಹವನ್ನು ಈ ನೆಲದ ಪ್ರಾಣಿಸಂಪತ್ತಿಗೆ ದಾಖಲೆಯೆಂದು ಬಳಸುವಂತಿಲ್ಲ. ಅದನ್ನು ಕವಿಸಮಯವೆಂದೇ ಓದಬೇಕಾಗುತ್ತದೆ. ಕಾವ್ಯದ ಕಾಡು ಮತ್ತು ನಾಡಿನ ಕಾಡು ಎರಡೂ ಒಂದೇ ಅಲ್ಲ.