ಮುಂಭಾರ, ಹಿಂಭಾರ

ಮೇಲುಕೋಟೆಯ ವೈರಮುಡಿ ಉತ್ಸವದ ದಿನಗಳಲ್ಲಿ ಜಕ್ಕನಹಳ್ಳಿಯಿಂದ ಬೆಟ್ಟಕ್ಕೆ ಏರುವ ದಾರಿಯ ಬದಿಯಲ್ಲಿ ಒಂದು ಗಳಿಗೆ ನಿಂತು ನೋಡಿದವರಿಗೆ, ನಮ್ಮ ಜನರು ಸಂಸಾರವನ್ನು ಹೇಗೆ ಹೇರಿಕೊಂಡು ಹೊರಡುತ್ತಾರೆಂಬುದು ಚೆನ್ನಾಗಿ ತಿಳಿದುಬರುವುದು. ಕೆಲವು ವರ್ಷಗಳ ಹಿಂದೆ ನಾವು ಅಲ್ಲಿ ಕಂಡುದನ್ನು ಇಂದಿಗೂ ಮರೆಯಲಾರೆವು. ಒಂದು ಪಿಕಪ್ ಗಾಡಿ. ಅದರಲ್ಲಿ ಮೊದಲು ಹಾಸಿಗೆ ಚಾಪೆಗಳು, ಆಮೇಲೆ ಪಾತ್ರೆ ಪರಟಿಗಳು, ಕೊನೆಗೆ ಹಿಂಬಾಗಿಲಿನ ಬಳಿ ಅಕ್ಕಿಯ ಮೂಟೆಗಳೂ ನೀರಿನ ಪೀಪಾಯಿಯೂ. ಎಲ್ಲದರ ಮೇಲೆ ಹೆಂಗಸರು ಮಕ್ಕಳು. ಏರಿನ ತಿರುವಿನಲ್ಲಿ ಚಾಲಕನು ಚಕ್ರವನ್ನು ತಿರುಗಿಸಿದನು, ಗಾಡಿಯು ತಿರುಗಲಿಲ್ಲ. ನೇರವಾಗಿ ಅಂಚಿಗೆ ಹೋಗಿ ಒಂದು ಬಂಡೆಗೆ ತಗುಲಿ ನಿಂತಿತು. ಪ್ರಾಣಹಾನಿಯಾಗಲಿಲ್ಲ, ಒಬ್ಬ ಬಾಲಕಿಯ ಕೈ ಮುರಿಯಿತು.

ಸುತ್ತ ನೆರೆದವರಲ್ಲಿ ಕೆಲವರು ಯಂತ್ರವನ್ನು ದೂರಿದರು, ಕೆಲವರು ಗ್ರಹಚಾರವೆಂದರು. ಒಬ್ಬ ಮುದುಕನು ಮಾತ್ರ ಹಿಂದಿನ ಮೂಟೆಗಳನ್ನು ನೋಡಿ, “ಹಿಂಭಾರ ಆಗಿತ್ತು” ಎಂದು ಎರಡೇ ಮಾತಿನಲ್ಲಿ ತೀರ್ಪು ಕೊಟ್ಟನು. ಆ ಎರಡು ಮಾತಿನ ಅರ್ಥವನ್ನು ಗೃಹಸ್ಥರಾದವರೆಲ್ಲರೂ ತಿಳಿದಿರಬೇಕೆಂಬುದೇ ಈ ಬರಹದ ಉದ್ದೇಶ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗರಿಗೆ ಎತ್ತಿನ ಗಾಡಿಯೇ ಹಿಂದೆ ಹೊಲದ ಬಂಡಿ, ಜಾತ್ರೆಯ ಮನೆ. ಬೇಬಿಬೆಟ್ಟದ ದನಗಳ ಜಾತ್ರೆಗಾಗಲಿ, ಹೇಮಗಿರಿಗಾಗಲಿ, ಆದಿಚುಂಚನಗಿರಿಗಾಗಲಿ ಹೊರಡುವಾಗ ಗಾಡಿಯ ಮೇಲೆ ಬಿದಿರಿನ ಕಮಾನನ್ನು ಕೂರಿಸಿ, ಗೂಟಗಳಿಗೆ ಬಿಗಿದು, ಒಳಗೆ ಹುಲ್ಲು ಹಾಸಿ ಅದರ ಮೇಲೆ ಜಮಖಾನ ಹರಡುತ್ತಿದ್ದರು. ಹಗಲು ಪಯಣ, ರಾತ್ರಿ ಅದರಲ್ಲಿಯೇ ನಿದ್ರೆ. ನಾವು ಬಾಲಕರಾಗಿದ್ದಾಗ ನಮ್ಮ ಮನೆಯ ಗಾಡಿ ಹೊಡೆಯುತ್ತಿದ್ದ ವೃದ್ಧನು, ಎತ್ತು ಕಟ್ಟುವ ಮೊದಲು ಹೇರಿದ ಗಾಡಿಯ ನೊಗವನ್ನು ಒಂದು ಸಲ ಕೈಯಿಂದ ಎತ್ತಿ ಬಿಡುತ್ತಿದ್ದನು. ಏಕೆಂದು ಕೇಳಿದಾಗ, “ಎತ್ತಿಗೆ ಬಾಯಿಲ್ಲ ಮಗ, ನೊಗ ಹೇಳ್ತದೆ, ಕೇಳಿಸ್ಕೊ” ಎಂದನು.

ನೊಗವು ಹೇಳುತ್ತಿದ್ದುದು ಇಷ್ಟೆ. ಗಾಡಿಯು ತನ್ನ ಅಚ್ಚಿನ ಮೇಲೆ ತಕ್ಕಡಿಯಂತೆ ನಿಲ್ಲುವುದು. ಭಾರವು ಅಚ್ಚಿನಿಂದ ಬಹಳ ಮುಂದಕ್ಕೆ ಬಿದ್ದರೆ ಎತ್ತುಗಳ ಹೆಗಲು ನಲುಗುವುದು; ಅದು ಮುಂಭಾರ. ಹಿಂದಕ್ಕೆ ಬಿದ್ದರೆ ನೊಗವು ಮೇಲಕ್ಕೆದ್ದು ಕೊರಳ ಹಗ್ಗವು ಎತ್ತಿನ ಗಂಟಲನ್ನು ಒತ್ತುವುದು; ಅದು ಹಿಂಭಾರ. ಭಾರದ ನಡುವು ಅಚ್ಚಿಗಿಂತ ಸ್ವಲ್ಪವೇ ಮುಂದಿರಬೇಕು. ಆಗ ನೊಗವನ್ನು ಎತ್ತಿದರೆ ಏಳುವುದು, ಬಿಟ್ಟರೆ ತಾನಾಗಿ ಇಳಿಯುವುದು. ಏರಿನಲ್ಲಿ ಭಾರವು ಹಿಂದಕ್ಕೆ ಜಗ್ಗುವುದರಿಂದ ಗಾಡಿಯವನು ಮೂಕಿಯ ಕಡೆಗೆ ಸರಿದು ಕುಳಿತುಕೊಳ್ಳುವನು; ಇಳಿಜಾರಿನಲ್ಲಿ ಹಿಂದಕ್ಕೆ ಸರಿಯುವನು. ಎಷ್ಟು ಭಾರವೆಂಬುದರಷ್ಟೇ, ಎಲ್ಲಿ ಭಾರವೆಂಬುದೂ ಮುಖ್ಯವೆಂದು ಆತನು ಶಾಲೆಗೆ ಹೋಗದೆಯೇ ಬಲ್ಲವನಾಗಿದ್ದನು.

ಮೋಟಾರು ಬಂದ ಮೇಲೆ ಈ ನಿಯಮವು ರದ್ದಾಗಲಿಲ್ಲ. ಅದನ್ನು ಹೇಳುವ ನೊಗ ಮಾತ್ರ ಕಣ್ಮರೆಯಾಯಿತು. ಪಿಕಪ್ ಗಾಡಿಯಲ್ಲಿ ಹಿಂದಿನ ಅಚ್ಚಿಗಿಂತ ಹಿಂದೆ ಹೆಚ್ಚು ಭಾರ ಬಿದ್ದರೆ ಮುಂದಿನ ಚಕ್ರಗಳು ಹಗುರವಾಗುವುವು. ದಾರಿ ತೋರುವುವೂ, ತಡೆ ಹಾಕಿದಾಗ ಬಹುಪಾಲು ಹಿಡಿತ ಕೊಡುವುವೂ ಆ ಚಕ್ರಗಳೇ. ಅವು ನೆಲವನ್ನು ಸರಿಯಾಗಿ ಒತ್ತದಿದ್ದರೆ ಚಾಲಕನ ಕೈಯಲ್ಲಿರುವುದು ಬರಿಯ ಬಳೆ. ಕಬ್ಬಿನ ಕಾಲದಲ್ಲಿ ಟ್ರ್ಯಾಕ್ಟರುಗಳು ಎಳೆಯುವ ಎರಡು ಚಕ್ರದ ತೇರುಗಳಿಗೂ ಇದೇ ಮಾತು ಸಲ್ಲುವುದು. ಕಬ್ಬು ಹಿಂದಕ್ಕೆ ಬಾಗಿದರೆ ಕೊಂಡಿಯು ಮೇಲಕ್ಕೆ ಜಗ್ಗಿ ಟ್ರ್ಯಾಕ್ಟರಿನ ಹಿಂಚಕ್ರಗಳು ಹಿಡಿತ ತಪ್ಪುವುವು.

ಅಮೆರಿಕದಲ್ಲಿ ಪಿಕಪ್ ಗಾಡಿಯ ಬೆನ್ನಿನ ಮೇಲೆ ಒಂದು ಪುಟ್ಟ ಮನೆಯನ್ನೇ ಕೂರಿಸಿಕೊಂಡು ಪ್ರವಾಸ ಹೋಗುವ ರೂಢಿಯುಂಟು. ಇದಕ್ಕೆ ಟ್ರಕ್ ಕ್ಯಾಂಪರ್ ಎಂದು ಹೆಸರು. ಮಂಚ, ಒಲೆ, ನೀರಿನ ತೊಟ್ಟಿ ಎಲ್ಲವೂ ಅದರೊಳಗಿರುವುವು. ನಮ್ಮ ಕಮಾನು ಗಾಡಿಯ ದೂರದ ನೆಂಟನೆನ್ನಬಹುದು. ಅದನ್ನು ಏರಿಸುವ ಕ್ರಮವು ನೋಡತಕ್ಕದ್ದು. ಸಮನಾದ ನೆಲದಲ್ಲಿ ಮನೆಯನ್ನು ನಾಲ್ಕು ಮೂಲೆಯ ಜಾಕುಗಳ ಮೇಲೆ ಎತ್ತಿ ನಿಲ್ಲಿಸಿ, ಗಾಡಿಯನ್ನು ಮೆಲ್ಲಮೆಲ್ಲನೆ ಹಿಂದಕ್ಕೆ ನಡೆಸಿ ಅದರ ಅಡಿಗೆ ತರುವರು. ಒಬ್ಬರು ಪಕ್ಕದಲ್ಲಿ ನಿಂತು ಸನ್ನೆ ಮಾಡುವರು. ಮನೆಯ ಕೆಳಗಾಗಲಿ, ಮನೆಗೂ ಗಾಡಿಗೂ ನಡುವೆಯಾಗಲಿ ಯಾರೂ ನಿಲ್ಲಕೂಡದು. ಜಾರದಂತೆ ತಳದಲ್ಲಿ ರಬ್ಬರಿನ ಹಾಸು, ಅಲುಗದಂತೆ ನಾಲ್ಕು ಮೂಲೆಗಳಿಗೆ ಬಿಗಿತ. ಭಾರದ ನಡುವು ಎಲ್ಲಿದೆಯೆಂಬ ಗುರುತನ್ನು ಮನೆಯ ಪಕ್ಕದಲ್ಲಿಯೇ ಹಾಕಿರುವುದುಂಟು. ಆ ಗುರುತು ಹಿಂದಿನ ಅಚ್ಚಿಗಿಂತ ಮುಂದೆಯೇ ಬೀಳಬೇಕು. ನಮ್ಮ ವೃದ್ಧನು ನೊಗವನ್ನೆತ್ತಿ ತಿಳಿಯುತ್ತಿದ್ದುದೂ ಇದನ್ನೇ ಅಲ್ಲವೆ!

ಇನ್ನು ನಮ್ಮ ಮನೆಗಳಿಗೆ ಬರೋಣ. ದೇವರ ಕಾರ್ಯಕ್ಕೋ, ಮದುವೆಗೋ, ಮನೆ ಬದಲಿಸುವುದಕ್ಕೋ ಗಾಡಿಯನ್ನು ಗೊತ್ತುಮಾಡಿದಾಗ ಯಜಮಾನರು ಕೆಲವು ಸಂಗತಿಗಳನ್ನು ತಾವೇ ನಿಂತು ನೋಡತಕ್ಕದ್ದು.

ಮೊದಲನೆಯದು ಲೆಕ್ಕ. ಗಾಡಿಯ ನೋಂದಣಿ ಪತ್ರದಲ್ಲಿ ಬರಿಯ ಗಾಡಿಯ ತೂಕವೂ ಭಾರಸಹಿತ ಗರಿಷ್ಠ ತೂಕವೂ ಬರೆದಿರುವುವು. ಒಂದರಿಂದ ಒಂದನ್ನು ಕಳೆದರೆ ಉಳಿಯುವುದೇ ಹೊರಬಹುದಾದ ಭಾರ. ಮುಂದೆ ಕುಳಿತವರ ತೂಕವೂ ಅದರಲ್ಲಿಯೇ ಸೇರಿತು. ನೀರನ್ನು ಹಗುರವೆಂದು ಭಾವಿಸಬಾರದು: 200 ಲೀಟರಿನ ಪೀಪಾಯಿ ತುಂಬಿದರೆ ನೀರೇ 200 ಕಿಲೋಗ್ರಾಂ. ಅರ್ಧ ತುಂಬಿದ ಪೀಪಾಯಿಯು ತಿರುವಿನಲ್ಲಿ ತುಳುಕಿ ಗಾಡಿಯನ್ನು ತೂಗಾಡಿಸುವುದು. ಆದುದರಿಂದ ಪೂರ್ತಿ ತುಂಬಬೇಕು, ಇಲ್ಲವೆ ಬರಿದಾಗಿ ಒಯ್ದು ಅಲ್ಲಿ ತುಂಬಿಕೊಳ್ಳಬೇಕು.

ಎರಡನೆಯದು ಹೇರುವ ಕ್ರಮ. ಭಾರವಾದುದು ಮೊದಲು, ತಳದಲ್ಲಿ, ಮುಂದಿನ ಹಲಗೆಗೆ ಒತ್ತಿಕೊಂಡಿರಬೇಕು, ಎಡಬಲಗಳಲ್ಲಿ ಸಮವಾಗಿರಬೇಕು. ಹಾಸಿಗೆ ಬುಟ್ಟಿಗಳು ಮೇಲೆ ಮತ್ತು ಹಿಂದೆ. ಹೇರು ಎತ್ತರವಾದಷ್ಟೂ ತಿರುವಿನಲ್ಲಿ ಮಗುಚುವ ಭಯವು ಹೆಚ್ಚು; ವೇಗವು ಎರಡರಷ್ಟಾದರೆ ಹೊರಕ್ಕೆ ಎಳೆಯುವ ಬಲವು ನಾಲ್ಕರಷ್ಟಾಗುವುದು. ಅಡುಗೆ ಅನಿಲದ ಸಿಲಿಂಡರನ್ನು ರೆಗ್ಯುಲೇಟರ್ ತೆಗೆದು, ನೆಟ್ಟಗೆ ನಿಲ್ಲಿಸಿ, ಕಂಬಿಗೆ ಕಟ್ಟಬೇಕು.

ಮೂರನೆಯದು ಬಿಗಿತ. ಹೇರಿನ ಮೇಲೆ ಅಡ್ಡಡ್ಡಲಾಗಿ ಹಗ್ಗ ಹಾಯಿಸಿ ನಾಲ್ಕು ಕಡೆಗೂ ಕಟ್ಟಬೇಕು. ಎಂತಹ ಹೇರಾದರೂ ಸ್ವಲ್ಪ ದೂರ ಹೋದೊಡನೆ ಕುಲುಕಿ ಇಳಿಯುವುದು. ಊರ ಗಡಿ ದಾಟಿದ ಮೇಲೆ ಒಂದು ಸಲ ನಿಲ್ಲಿಸಿ ಮತ್ತೆ ಬಿಗಿಯಬೇಕು.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಸರಕಿನ ಗಾಡಿಯ ಹೇರಿನ ಮೇಲೆ ಮನುಷ್ಯರನ್ನು ಕೂರಿಸಬಾರದು. ಅದು ಕಾನೂನಿಗೆ ವಿರುದ್ಧವೆಂಬುದು ಒಂದು ಮಾತು. ಮೂಟೆ ಬಿದ್ದರೆ ಮತ್ತೊಂದು ತರಬಹುದೆಂಬುದು ಇನ್ನೊಂದು ಮಾತು. ನಮ್ಮ ಸೀಮೆಯ ದಾರಿಗಳು ಅನೇಕ ಕಡೆ ವಿಶ್ವೇಶ್ವರಯ್ಯ ನಾಲೆಯ ದಡದಲ್ಲಿಯೇ ಸಾಗುವುವು. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಒಂದು ಬಸ್ಸು ಆ ನಾಲೆಗೆ ಉರುಳಿ 30 ಮಂದಿ ಮೃತರಾದರು. ಅದು ಹೇರಿನ ತಪ್ಪಲ್ಲವೆಂಬುದು ನಿಜ. ಆದರೆ ಗಾಡಿಯು ದಾರಿ ಬಿಟ್ಟರೆ ಆ ದಡವು ಎರಡನೆಯ ಅವಕಾಶ ಕೊಡುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಜನರಿಗೆ ಬೇರೆ ಗಾಡಿ ಮಾಡಿದರೆ ಖರ್ಚು ಹೆಚ್ಚೆಂದು ಮನೆಗಳಲ್ಲಿ ಮಾತು ಬರುವುದು ಸಹಜ. ಬಸ್ಸಿನ ಟಿಕೀಟಿನ ದುಡ್ಡನ್ನು ಉಳಿಸಿದ ಆ ಸಂಸಾರದವರು, ದೇವರ ದರ್ಶನವಾಗದೆ, ಕೈ ಮುರಿದ ಮಗುವನ್ನು ಎತ್ತಿಕೊಂಡು ಬೆಟ್ಟದಿಂದ ಕೆಳಗಿಳಿದುದನ್ನು ನಾವು ಕಣ್ಣಾರೆ ಕಂಡೆವು. ಅಂದು ಅಕ್ಕಿಯ ಮೂಟೆಗಳನ್ನು ಮೊದಲು ಹೇರಿ ಹಾಸಿಗೆಗಳನ್ನು ಕೊನೆಗೆ ಹಾಕುವುದಕ್ಕೆ ಒಂದು ಕಾಸೂ ಬೇಕಾಗಿರಲಿಲ್ಲ. ಮುಂದಿನ ಸಲ ಗಾಡಿ ಹೊರಡುವ ಮೊದಲು, ವಾಚಕ ಮಹಾಶಯರು ಹೇರಿನ ಸುತ್ತ ಒಂದು ಪ್ರದಕ್ಷಿಣೆ ಬರಲಿ. ನೊಗವಿಲ್ಲದ ಗಾಡಿಯು ತಾನಾಗಿ ಏನನ್ನೂ ಹೇಳದು. ನಾವೇ ಕೇಳಿ ತಿಳಿಯಬೇಕು.