ನೇರವಾಗಿ ಹೊರಡುವ ಬಗೆ

‘ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು’ ಎಂಬ ಗಾದೆಯನ್ನು ಒಮ್ಮತವಿಲ್ಲದ ಮನೆತನಗಳನ್ನು ಕುರಿತು ಆಡುವುದು ರೂಢಿ. ಆದರೆ ಆ ಗಾದೆಯಲ್ಲಿ ಯಂತ್ರಶಾಸ್ತ್ರದ ಒಂದು ತತ್ವವೂ ಅಡಗಿದೆ. ಎರಡು ಬಲಗಳು ಕೂಡಿ ಒಂದು ಭಾರವನ್ನು ಎಳೆಯುವಾಗ ಅವುಗಳಲ್ಲಿ ಹೊಂದಿಕೆ ಇಲ್ಲದಿದ್ದರೆ, ಭಾರವು ಮುಂದಕ್ಕೆ ಸಾಗುವ ಬದಲು ಒಂದು ಮಗ್ಗುಲಿಗೆ ತಿರುಗುತ್ತದೆ. ಕಲಾ ವಿಭಾಗದ ವಿದ್ಯಾರ್ಥಿಗೆ ಈ ವಿಷಯದ ಗೊಡವೆ ಏಕೆಂದು ಗುರುಗಳು ಕೇಳಬಹುದು. ಕೃಷ್ಣೆಯ ದಂಡೆಯ ಗೂಗಲ್ ಸೀಮೆಯವನಾದ ನನಗೆ ನೊಗದ ಪರಿಚಯವು ಪುಸ್ತಕದ ಪರಿಚಯಕ್ಕಿಂತ ಹಳೆಯದು ಎಂಬುದೇ ನನ್ನ ಉತ್ತರ.

ಕಾರಹುಣ್ಣಿಮೆಯ ಕಾಲಕ್ಕೆ ರಾಯಚೂರಿನಲ್ಲಿ ಎತ್ತುಗಳು ಭಾರವಾದ ಕಲ್ಲನ್ನು ಎಳೆಯುವ ಪಂದ್ಯವನ್ನು ನಮ್ಮ ಸಹಪಾಠಿಗಳಲ್ಲಿ ಹಲವರು ನೋಡಿರಬಹುದು. ಅಲ್ಲಿ ಪಂದ್ಯದ ಬಹುಪಾಲು ನಿರ್ಧಾರವಾಗುವುದು ಮೊದಲ ಹೆಜ್ಜೆಯಲ್ಲಿ. ನಿಂತ ಕಲ್ಲನ್ನು ಕದಲಿಸಲು ಬೇಕಾದ ಬಲವು, ಕದಲಿದ ಕಲ್ಲನ್ನು ಸಾಗಿಸಲು ಬೇಕಾದ ಬಲಕ್ಕಿಂತ ಹೆಚ್ಚು. ಆ ಕ್ಷಣದಲ್ಲಿ ಒಂದು ಎತ್ತು ಮುಂದಾಗಿ ಇನ್ನೊಂದು ಹಿಂದುಳಿದರೆ ನೊಗ ಓರೆಯಾಗುತ್ತದೆ, ಸರಪಳಿ ಓರೆಯಾಗುತ್ತದೆ, ಕಲ್ಲೂ ಓರೆಯಾಗುತ್ತದೆ. ಹಾಗೆ ಆದಾಗ ಬಾರುಕೋಲಿನ ಪೆಟ್ಟು ಬೀಳುವುದು ಹಿಂದುಳಿದ ಎತ್ತಿನ ಬೆನ್ನಿಗೆ.

ಆದರೆ ತಪ್ಪು ಎತ್ತಿನದೇ ಎಂದು ಹೇಳುವುದು ಹೇಗೆ? ನೊಗವೆಂಬುದು ಒಂದು ಸನ್ನೆಕೋಲು. ಎರಡು ಎತ್ತುಗಳ ಹೆಗಲಿನ ನಡುವೆ 44 ಅಂಗುಲ ಅಂತರವಿದೆ ಎಂದು ಭಾವಿಸೋಣ. ಸರಪಳಿಯನ್ನು ನಟ್ಟನಡುವೆ ಕಟ್ಟಿದರೆ ಇಬ್ಬರಿಗೂ ಅರ್ಧರ್ಧ ಭಾರ ಬೀಳುತ್ತದೆ. ಒಂದು ಎತ್ತಿನ ಶಕ್ತಿ 6 ಪಾಲು, ಇನ್ನೊಂದರದು 5 ಪಾಲು ಇದ್ದರೆ, ಈ ಸಮಪಾಲು ಅನ್ಯಾಯವೇ ಸರಿ. ಸರಪಳಿಯ ಗಂಟನ್ನು ಬಲಶಾಲಿಯ ಕಡೆಗೆ ಕೇವಲ 2 ಅಂಗುಲ ಸರಿಸಿದರೆ ಒಂದು ಕಡೆ 20 ಅಂಗುಲ, ಇನ್ನೊಂದು ಕಡೆ 24 ಅಂಗುಲವಾಗುತ್ತದೆ. ಆಗ ಭಾರವೂ 6ಕ್ಕೆ 5ರಂತೆ ಹಂಚಿಕೆಯಾಗಿ ನೊಗ ನೇರವಾಗಿ ನಿಲ್ಲುತ್ತದೆ. ಪೆಟ್ಟಿನಿಂದ ಆಗದ ಕೆಲಸ ಎರಡು ಅಂಗುಲದಿಂದ ಆಗುತ್ತದೆ.

ಈ ತತ್ವವನ್ನೇ ಅತಿ ಸೂಕ್ಷ್ಮವಾಗಿ ಬಳಸುವ ಇನ್ನೊಂದು ಪಂದ್ಯವೆಂದರೆ ಡ್ರ್ಯಾಗ್ ಕಾರುಗಳ ಓಟ. ಎರಡು ಕಾರುಗಳು ನಿಂತಲ್ಲಿಂದ ಹೊರಟು ಕಾಲು ಮೈಲಿ, ಎಂದರೆ ಸುಮಾರು 402 ಮೀಟರು, ನೇರವಾಗಿ ಓಡುವುದೇ ಈ ಪಂದ್ಯ. ಅಮೆರಿಕದಲ್ಲಿ ಇದರ ರಾಷ್ಟ್ರೀಯ ಸಂಘವು 1951ರಲ್ಲಿ ಸ್ಥಾಪನೆಯಾಯಿತು. ನಮ್ಮ ರಾಜ್ಯದಲ್ಲಿಯೂ ಬೆಂಗಳೂರಿನ ಜಕ್ಕೂರು ವಿಮಾನ ಇಳಿದಾಣದಲ್ಲಿ ಇಂಥ ಓಟಗಳು ನಡೆದದ್ದುಂಟು. ಅತಿ ವೇಗದ ಕಾರುಗಳು ಒಂದು ಸೆಕೆಂಡಿನೊಳಗೆ ಗಂಟೆಗೆ 100 ಮೈಲಿ ವೇಗ ಮುಟ್ಟುತ್ತವೆ. ಅಂಥ ಕಾರು ಮೊದಲ 60 ಅಡಿಯಲ್ಲಿ ಸೊಟ್ಟಗೆ ಹೊರಟರೆ ಪಕ್ಕದ ಗೋಡೆಗೆ ಬಡಿಯಬಹುದು, ಇಲ್ಲವೆ ಪಕ್ಕದ ಕಾರಿಗೆ ಅಡ್ಡ ಬರಬಹುದು. ಆದುದರಿಂದ ನೇರವಾಗಿ ಹೊರಡುವುದು ಗೆಲುವಿನ ಪ್ರಶ್ನೆ ಮಾತ್ರವಲ್ಲ, ಪ್ರಾಣದ ಪ್ರಶ್ನೆ.

ಇದರ ಸಿದ್ಧತೆ ಟೈರಿನಿಂದ ಮೊದಲಾಗುತ್ತದೆ. ಈ ಕಾರುಗಳಲ್ಲಿ ಹಿಂದಿನ ಎರಡು ಚಕ್ರಗಳನ್ನು ಒಟ್ಟಿಗೆ ತಿರುಗುವಂತೆ ಬಂಧಿಸಿರುವುದು ಸಾಮಾನ್ಯ. 90 ಅಂಗುಲ ಸುತ್ತಳತೆಯ ಚಕ್ರವು 60 ಅಡಿಯಲ್ಲಿ 8 ಸುತ್ತು ಉರುಳುತ್ತದೆ. ಒಂದು ಚಕ್ರದ ಸುತ್ತಳತೆ ಒಂದೇ ಅಂಗುಲ ಹೆಚ್ಚಾಗಿದ್ದರೂ ಅಷ್ಟರಲ್ಲಿ ಅದು 8 ಅಂಗುಲ ಮುಂದೆ ಹೋಗಲು ಯತ್ನಿಸುತ್ತದೆ. ಕಾರು ಸಣ್ಣ ಚಕ್ರದ ಕಡೆಗೆ ತಿರುಗುತ್ತದೆ. ಆದುದರಿಂದ ಗಾಳಿಯನ್ನು ಸಮವಾಗಿ ತುಂಬಿ, ಟೇಪಿನಿಂದ ಸುತ್ತಳತೆಯನ್ನು ಅಳೆಯುತ್ತಾರೆ.

ಎರಡನೆಯದು ಅಚ್ಚು. ಬಂಡಿಯ ಮೂಕಿಯ ತುದಿಯಿಂದ ಅಚ್ಚಿನ ಎರಡು ಕೊನೆಗಳಿಗೆ ಹಗ್ಗ ಹಿಡಿದು ನೋಡಿದರೆ, ಎರಡೂ ಅಳತೆ ಸಮವಿದ್ದಾಗ ಮಾತ್ರ ಅಚ್ಚು ಮೂಕಿಗೆ ಲಂಬವಾಗಿದೆ ಎನ್ನಬಹುದು. ಕಾರಿನ ಚೌಕಟ್ಟಿನಲ್ಲಿಯೂ ಹಾಗೆಯೇ. ಮುಂಭಾಗದ ನಡುಗೆರೆಯ ಮೇಲೆ ಒಂದು ಬಿಂದು ಗುರುತಿಸಿ, ಅಲ್ಲಿಂದ ಹಿಂದಿನ ಅಚ್ಚಿನ ಎರಡು ಕೊನೆಗಳಿಗೆ ಅಳೆದು, ಅಚ್ಚನ್ನು ಹಿಡಿದಿರುವ ಸರಳುಗಳನ್ನು ಉದ್ದ ಗಿಡ್ಡ ಮಾಡಿ ಸರಿಪಡಿಸುತ್ತಾರೆ.

ಮೂರನೆಯದು ತೂಕ, ಇದೇ ಎಲ್ಲಕ್ಕಿಂತ ಕುತೂಹಲಕರ. ಇಂಜಿನ್ನಿನ ತಿರುಚುಬಲವನ್ನು ಹಿಂದಿನ ಅಚ್ಚಿಗೆ ಒಯ್ಯುವ ಉದ್ದನೆಯ ದಂಡವು, ಹಿಂದಿನಿಂದ ನೋಡಿದರೆ, ಹೆಚ್ಚಿನ ಕಾರುಗಳಲ್ಲಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಅದು ತನ್ನೊಡನೆ ಅಚ್ಚನ್ನೂ ತಿರುಚಲು ಯತ್ನಿಸುವುದರಿಂದ ಎಡ ಚಕ್ರವು ನೆಲಕ್ಕೆ ಒತ್ತಿಕೊಳ್ಳುತ್ತದೆ, ಬಲ ಚಕ್ರವು ಹಗುರವಾಗುತ್ತದೆ. ಹಗುರವಾದ ಚಕ್ರಕ್ಕೆ ನೆಲದ ಹಿಡಿತ ಕಡಿಮೆ. ಎಡ ಚಕ್ರ ಹೆಚ್ಚು ನೂಕುವುದರಿಂದ ಕಾರಿನ ಮೂತಿ ಬಲಕ್ಕೆ ತಿರುಗುತ್ತದೆ. ಇದಕ್ಕೆ ಪರಿಹಾರವಾಗಿ, ಕಾರು ನಿಂತಿರುವಾಗಲೇ ಹಿಂದಿನ ಬಲ ಚಕ್ರದ ಮೇಲೆ ತುಸು ಹೆಚ್ಚು ಭಾರ ಬೀಳುವಂತೆ ಬಿಗಿ ಮಾಡಿರುತ್ತಾರೆ. ಚಾಲಕನನ್ನು ಕೂರಿಸಿ, ನಾಲ್ಕು ಚಕ್ರಗಳ ಕೆಳಗೂ ತಕ್ಕಡಿ ಇಟ್ಟು ಇದನ್ನು ತೂಗಿ ನೋಡುತ್ತಾರೆ. ಈ ಬಿಗಿ ಹೆಚ್ಚಾದರೆ ಕಾರು ಎಡಕ್ಕೆ ಎಳೆಯುತ್ತದೆ. ನೊಗದ ಗಂಟನ್ನು ಎರಡು ಅಂಗುಲ ಸರಿಸಿದಂತೆಯೇ ಇದೂ ಅಳತೆಯರಿತು ಮಾಡಬೇಕಾದ ಕೆಲಸ.

ಕೊನೆಯದಾಗಿ ಮುಂದಿನ ಚಕ್ರಗಳು. ಹೊರಡುವಾಗ ಕಾರಿನ ಮುಂಭಾಗ ಮೇಲೇಳುತ್ತದೆ. ಏಳುವಾಗಲೂ ಇಳಿಯುವಾಗಲೂ ಚಕ್ರಗಳ ದಿಕ್ಕು ಬದಲಾಗದಂತೆ ಸ್ಟಿಯರಿಂಗಿನ ಸರಳುಗಳನ್ನು ಹೊಂದಿಸಬೇಕು. ಸೈಕಲ್ಲಿನ ಮುಂದಿನ ಕವೆ ಓರೆಯಾಗಿರುವುದರಿಂದ ಕೈಬಿಟ್ಟರೂ ಅದು ನೇರವಾಗಿ ಸಾಗುವುದನ್ನು ನಾವೆಲ್ಲ ಬಲ್ಲೆವು. ಆ ಓರೆಯನ್ನು ಈ ಕಾರುಗಳಲ್ಲಿಯೂ ಸಾಕಷ್ಟು ಇಟ್ಟಿರುತ್ತಾರೆ.

ಇಷ್ಟಾದ ಮೇಲೆ ಪರೀಕ್ಷೆ. ಕಾರನ್ನು ಓಡಿಸಿ, ಎರಡು ಟೈರುಗಳು ನೆಲದ ಮೇಲೆ ಬಿಟ್ಟ ಕಪ್ಪು ಗೆರೆಗಳನ್ನು ಹೋಲಿಸಿ ನೋಡುತ್ತಾರೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬುದು ಇಲ್ಲಿನ ನಿಯಮ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ಕಾರು ಸೊಟ್ಟಗೆ ಹೊರಟಾಗ ಅದನ್ನು ಯಾರೂ ಹೊಡೆಯುವುದಿಲ್ಲ. ಟೇಪು ಹಿಡಿದು ಅಳೆಯುತ್ತಾರೆ, ತಕ್ಕಡಿ ಇಟ್ಟು ತೂಗುತ್ತಾರೆ. ಮಾತು ಬಾರದ ಎತ್ತಿಗೆ ಮಾತ್ರ ಆ ನ್ಯಾಯ ಅನೇಕ ವೇಳೆ ಸಿಗುವುದಿಲ್ಲ. ಯಂತ್ರಕ್ಕೆ ತೋರುವ ಈ ತಾಳ್ಮೆಯನ್ನು ಜೀವವಿರುವ ಜೋಡಿಗೂ ತೋರಬೇಕಲ್ಲವೆ? ಮುಂದಿನ ಕಾರಹುಣ್ಣಿಮೆಗೆ ಊರಿಗೆ ಹೋಗುವ ಮಿತ್ರರು ಬಾರುಕೋಲನ್ನು ಎತ್ತುವುದಕ್ಕೆ ಮೊದಲು ನೊಗದ ಗಂಟು ಎಲ್ಲಿದೆ ಎಂದು ನೋಡಲಿ.